ಮಾವನ ಕಾರಿನ ಹಳದಿ ದೀಪ

ಮಾವನ ಡೀಸೆಲ್ ಕಾರಿನ ಕೀ ಕೈಗೆ ಬರಲು ಅಳಿಯ ಮದುವೆಯಾದ ಮೇಲೆ ಏಳು ವರ್ಷ ಕಾಯಬೇಕಾಯಿತು. ಅದೂ ಪರೀಕ್ಷೆಗೆಂದು ಒಂದೇ ದಿನ. ಸಂಜೆ ನೆಟ್ಟಗೆ ತಂದು ಒಪ್ಪಿಸಿದರೆ ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸಮುದ್ರ ನೋಡಿಬರಲು ಅಪ್ಪಣೆ. ಮಕ್ಕಳು ಆಗಲೇ ಮರಳಾಟಕ್ಕೆ ಬಕೆಟ್ಟು ಎತ್ತಿಟ್ಟುಕೊಂಡಿದ್ದರು.

ಮಾವನ ಬೀದಿ ದಾಟುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿತು. ಅಳಿಯ ಗಕ್ಕನೆ ಬ್ರೇಕ್ ಒತ್ತಿದ. ಸೈಕಲ್ ಚೈನು ಕಳಚಿದರೂ ಪಕ್ಕದ ಮನೆಯವರನ್ನು ಕೂಗುವ ಆಸಾಮಿ ಅವನು. ತಿರುಗಿ ಹೋಗಿ ಹೇಳಿಬಿಡೋಣ ಎಂದುಕೊಂಡ. ಮಾವನ ಮೀಸೆ ನೆನಪಾಗಿ ತನ್ನ ಮನೆಯ ಕಡೆಗೇ ಕಾರು ಹೊರಳಿಸಿದ.

ಕರೆಯದೆಯೇ ಬೀದಿಯವರೆಲ್ಲ ಬಂದರು. ಗಾಡಿಯನ್ನು ಏರಿನಲ್ಲಿ ಜೋರಾಗಿ ಓಡಿಸಿದರೆ ಒಳಗಿನ ಮಸಿಯೆಲ್ಲ ಉರಿದುಹೋಗುತ್ತದೆ ಎಂದು ದರ್ಜಿ ಹೇಳಿದ. ಅಳಿಯ ಓಡಿಸಿದ. ದೀಪ ಆರಲಿಲ್ಲ, ಅವನ ಬೆವರು ಮಾತ್ರ ಇಳಿಯಿತು. ಬ್ಯಾಟರಿಯ ವೈರು ಬಿಚ್ಚಿ ಹಾಕಿದರೆ ಎಂಥಾ ದೀಪವೂ ಆರುತ್ತದೆ ಎಂದು ಕ್ಷೌರಿಕ ಹೇಳಿದ. ಬಿಚ್ಚಿ ಹಾಕಿದ್ದಕ್ಕೆ ಗಡಿಯಾರ ತಪ್ಪಾಯಿತು, ರೇಡಿಯೋ ಮೂಕವಾಯಿತು. ದೀಪ ಆರಿದಂತೆ ಮಾಡಿ ಮತ್ತೆ ಹತ್ತಿತು.

ಕೊನೆಗೆ ಎದುರು ಮನೆಯ ನಿವೃತ್ತ ಮೇಷ್ಟ್ರು ಗಾಡಿಯ ದೋಷ ಪತ್ತೆಮಾಡುವ ತಮ್ಮ ಸ್ಕ್ಯಾನರನ್ನು ಕಾರಿಗೆ ಸಿಕ್ಕಿಸಿ, ಫೋನಿನಲ್ಲಿ ಮೂಡಿದ ಕೋಡನ್ನು ಕಣ್ಣು ಕಿರಿದು ಮಾಡಿ ಓದಿದರು.

"ಕ್ಯಾಟಲಿಟಿಕ್ ಕನ್ವರ್ಟರ್. ಹೊಗೆ ಶುದ್ಧ ಮಾಡೋ ಡಬ್ಬಿ ಕಣಯ್ಯಾ. ಹೋಯ್ತು. ಹೊಸದಕ್ಕೆ ನಿನ್ನ ಮೂರು ತಿಂಗಳ ಸಂಬಳ."

ಅಳಿಯ ಅಲ್ಲೇ ಕುಸಿದು ಕೂತ. ಆ ಗಾಬರಿಗೆ ಮೇಷ್ಟ್ರ ಕೈಯಿಂದ ಫೋನು ಜಾರಿ ಕಾರಿನಡಿಗೆ ಹೋಯಿತು. ಅದನ್ನು ತೆಗೆಯಲು ಅಳಿಯ ತೆವಳಿಕೊಂಡು ಒಳಗೆ ಹೋದಾಗ, ಮೇಷ್ಟ್ರು ಓದದೆ ಬಿಟ್ಟಿದ್ದ ಕೋಡಿನ ಉಳಿದರ್ಧ ಕಣ್ಣಿಗೆ ಬಿತ್ತು: ಕನ್ವರ್ಟರಿನ ಬಿಸಿ ಅಳೆಯುವ ಸೆನ್ಸರಿಗೆ ಸಂಪರ್ಕ ಇಲ್ಲ. ತಲೆಯೆತ್ತಿದರೆ ಮೂಗಿನ ಮೇಲೇ ಒಂದು ಪ್ಲಗ್ಗು ನೇತಾಡುತ್ತಿತ್ತು. ಅದನ್ನು ಸೆನ್ಸರಿನ ಬಾಯಿಗೆ ಒತ್ತಿದ. ಟಕ್ ಎಂದು ಕೂತುಕೊಂಡಿತು. ಮೇಷ್ಟ್ರು ಕೋಡನ್ನು ಅಳಿಸಿದರು. ದೀಪ ಆರಿದ್ದು ಮತ್ತೆ ಹತ್ತಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದಂತಾಗಿತ್ತು, ಆದರೆ ಹಿಡಿದವನು ತಾನೇ ಎಂದು ಅಳಿಯನಿಗೆ ಹೇಳತೀರದಷ್ಟು ಸಂತೋಷ.

ಸಂಜೆ ಕಾರು ತೊಳೆದು, ಗಡಿಯಾರ, ರೇಡಿಯೋ ಸರಿಪಡಿಸಿ, ಹೆಂಡತಿಯನ್ನೂ ಕರೆದುಕೊಂಡು ಮಾವನ ಮನೆಗೆ ಹೋದ. ಮಾವ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡನ್ನು ಬಹಳ ಹೊತ್ತು ನೋಡಿದರು.

"ಏನೂ ತೊಂದರೆ ಆಗ್ಲಿಲ್ವಾ? ದೀಪಗೀಪ ಏನಾದ್ರೂ ಹತ್ತಿತ್ತಾ?"

"ಇಲ್ಲ ಮಾವ. ಬೆಣ್ಣೆ ಹಾಗೆ ಓಡ್ತು."

ಮಾವ ಮೀಸೆ ನೀವಿಕೊಂಡರು. "ಬೆಳಿಗ್ಗೆ ಆ ಸೆನ್ಸರ್ ಪ್ಲಗ್ಗು ಕಿತ್ತಿಟ್ಟವನು ನಾನೇ. ಗಾಡಿ ಓಡಿಸೋಕೆ ಎಲ್ಲರಿಗೂ ಬರುತ್ತೆ. ಕೆಟ್ರೆ ಬಂದು ಹೇಳ್ತೀರೋ ಮುಚ್ಚಿಡ್ತೀರೋ, ಅದನ್ನ ನೋಡಬೇಕಿತ್ತು."

ಅಳಿಯ ಇಂಗು ತಿಂದ ಮಂಗನಂತೆ ನಿಂತ. ಹೆಂಡತಿ ಅವನ ಕಡೆ ನೋಡಿದ ನೋಟಕ್ಕೆ ಆರಿದ ದೀಪವೂ ಹತ್ತಿಕೊಳ್ಳಬೇಕಿತ್ತು.

"ಆದ್ರೂ ರಿಪೇರಿ ಚೆನ್ನಾಗಿ ಮಾಡಿದೀರಿ, ಅಳಿಯಂದಿರೇ," ಎಂದು ಮಾವ ಕೀಯನ್ನು ಜೇಬಿಗಿಳಿಸಿದರು. "ಭಾನುವಾರ ಬೆಳಿಗ್ಗೆ ಬಂದ್ಬಿಡಿ. ಮಗಳನ್ನೂ ಮಕ್ಕಳನ್ನೂ ಸಮುದ್ರಕ್ಕೆ ನಾನೇ ಕರ್ಕೊಂಡು ಹೋಗ್ತೀನಿ. ನಾವು ಬರೋ ಹೊತ್ತಿಗೆ ನೀವು ನಮ್ಮನೇಲಿ ಕೆಟ್ಟು ಕೂತಿರೋ ಮೋಟರ್ ಪಂಪು ಬಿಚ್ಚಿ ನೋಡಿರಿ."