ಏಕಾದಶಿಗೆ ಬಾಸ್ಕ್ ಸೀಮೆಯ ಸೇಬಿನ ರಸ

ಯಾವ ದೇಶಕ್ಕೆ ಹೋದರೂ ಮಡಿಗೆ ಸಲ್ಲುವ ಪದಾರ್ಥವನ್ನು ಮೂಗಿನಿಂದಲೇ ಗುರುತಿಸಬಲ್ಲೆ ಎಂಬ ನಂಬಿಕೆ ನನಗಿತ್ತು. ಮಲೇಷ್ಯಾದ ಮೆಲಾಕಾ ಊರಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ನಮ್ಮ ಯಜಮಾನರಿಗೆ ತೊಂಬತ್ತೆಂಟರಲ್ಲಿ ಸ್ಪೇನಿನ ಬಾಸ್ಕ್ ಸೀಮೆಯಲ್ಲಿ ಸಮ್ಮೇಳನ ಬಂತು. ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ನಾನೂ ಹೊರಟೆ.

ಬಿಲ್ಬಾವೊದಲ್ಲಿ ಹೊಳೆದಂಡೆಯ ಹೊಸ ತಗಡಿನ ಮ್ಯೂಸಿಯಂ ನೋಡಿದೆವು. ಸಾನ್ ಸೆಬಾಸ್ಟಿಯನ್ನಿನ ಅರ್ಧಚಂದ್ರದ ಕಡಲತೀರಕ್ಕೆ ಕೈಮುಗಿದೆ. ಊಟದ ಮಾತು ಬಂದರೆ ಮಾತ್ರ ಅವಲಕ್ಕಿಯೇ ಗತಿ. ಹಳೇಪೇಟೆಯ ಅಂಗಡಿಗಳಲ್ಲಿ ಬ್ರೆಡ್ ತುಂಡುಗಳಿಗೆ ಕಡ್ಡಿ ಚುಚ್ಚಿ ಸಾಲಾಗಿ ಇಟ್ಟಿರುತ್ತಾರೆ. ಒಂದು ಕಡ್ಡಿಯಲ್ಲಿ ಉಪ್ಪಿನಕಾಯಿಯ ಹಸಿಮೆಣಸು ಕಂಡು ಕೈ ಚಾಚಿದೆ. ಮೆಣಸಿನ ಹಿಂದೆ ಮೀನು ಅಡಗಿತ್ತು! ಬಾಯಿಗೆ ಹೋಗುವ ಮೊದಲೇ ಕಂಡದ್ದು ಕೃಷ್ಣನ ದಯೆ.

ಪಕ್ಕದಲ್ಲೇ ಅಂಗಡಿಯಾತ ಹಸಿರು ಬಾಟಲಿಯನ್ನು ತಲೆಯ ಮೇಲೆತ್ತಿ ಲೋಟಕ್ಕೆ ಸುರಿಯುತ್ತಿದ್ದ. ಥೇಟ್ ನಮ್ಮ ಮೆಲಾಕಾದ ಮಾಮಕ್ ಚಹಾ ಅಂಗಡಿಯ ತಮಿಳು ಮುಸಲ್ಮಾನ ಎತ್ತರದಿಂದ ಲೋಟಕ್ಕೆ ಚಹಾ ಎಳೆಯುವ ಹಾಗೆ. ಎತ್ತರದಿಂದ ಸುರಿಯುವುದೆಲ್ಲ ಚಹಾದ ವಂಶವೇ ಎಂದು ತೀರ್ಮಾನಿಸಿದೆ. ಕೈಸನ್ನೆಯಲ್ಲಿ ಏನೆಂದು ಕೇಳಿದರೆ ಸೇಬು ತೋರಿಸಿದ. ಹಣ್ಣು! ಏಕಾದಶಿಗೆ ಸಲ್ಲುತ್ತದೆ! ಲೋಟಗಳನ್ನು ಸಿಗಡಿಯ ತಟ್ಟೆಗಳ ಜೊತೆ ತೊಳೆಯುತ್ತಿದ್ದರಿಂದ ಅಲ್ಲಿ ಕುಡಿಯಲಿಲ್ಲ. ಎರಡು ಬಾಟಲಿಗಳನ್ನು ಸೀರೆಯೊಳಗೆ ಸುತ್ತಿ ತಂದೆ. ಅಚ್ಚರಿಯಾಗಿರಲೆಂದು ಯಜಮಾನರಿಗೂ ಹೇಳಲಿಲ್ಲ.

ಮೆಲಾಕಾಗೆ ಮರಳಿದ ಮೇಲೆ ಬಂದ ಏಕಾದಶಿಯ ದಿನ ನಮ್ಮ ಮನೆಯಲ್ಲಿ ಭಜನೆ. ಎಂಟು ಮಂದಿ ಹೆಂಗಸರು, ಎಲ್ಲರಿಗಿಂತ ಹಿರಿಯರಾದ ಎಪ್ಪತ್ತರ ವಾರಿಜಕ್ಕ. ನಾನು ಮಣೆಯ ಮೇಲೆ ಹತ್ತಿ ಬಾಟಲಿಯನ್ನೆತ್ತಿ ಸುರಿದೆ. ಅರ್ಧ ಲೋಟಕ್ಕೆ, ಅರ್ಧ ಜಮಖಾನಕ್ಕೆ. ಹುಳಿ ವಾಸನೆ ಬಂತು. ಫಾರಿನ್ ಸೇಬು, ಹಾಗೇ ಇರುತ್ತದೆ ಎಂದುಕೊಂಡೆ.

ಮೊದಲ ಲೋಟ ವಾರಿಜಕ್ಕನಿಗೆ. ಒಂದು ಗುಟುಕು ಕುಡಿದವರೇ ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಮಗ್ಗುಲಲ್ಲಿಟ್ಟರು. ಮಿಕ್ಕವರಿಗೆ, ಇದು ಶೀತ, ಎಳನೀರು ಕುಡಿಯಿರಿ ಎಂದರು. ಭಜನೆ ಮುಗಿಯುವುದರೊಳಗೆ ತಾವೊಬ್ಬರೇ ಮೂರು ಲೋಟ ಮುಗಿಸಿ, ತೆರೆಯದ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಂಡು ಹೊರಟರು. ಈ ವಯಸ್ಸಿನಲ್ಲಿ ಇಷ್ಟು ಆಸೆಯೇ ಎಂದು ನನಗೆ ಬೇಸರವಾಯಿತು.

ಕಾಲೇಜಿನಿಂದ ಬಂದ ಯಜಮಾನರು ಖಾಲಿ ಬಾಟಲಿಯನ್ನು ತಿರುಗಿಸಿ ಓದಿದರು.

"ಇದು ರಸ ಅಲ್ಲ ಮಾರಾಯ್ತಿ, ಹೆಂಡ. ಯಾರು ಕುಡಿದದ್ದು?"

"ವಾರಿಜಕ್ಕ. ಮೂರು ಲೋಟ."

"ಬಿಪಿ ಮಾತ್ರೆ ತಗೊಳ್ತಾರಲ್ಲ ಅವರು! ನಡಿ, ಕಾರು ಹತ್ತು."

ದಾರಿಯುದ್ದಕ್ಕೂ ವಿಷ್ಣು ಸಹಸ್ರನಾಮ ಹೇಳಿದೆ. ಅರ್ಧಕ್ಕೇ ಮರೆತು ಮತ್ತೆ ಮೊದಲಿನಿಂದ. ಅವರ ವ್ರತ ಕೆಡಿಸಿದೆ. ಜೀವಕ್ಕೂ ಏನಾದರೂ ಆದರೆ?

ವಾರಿಜಕ್ಕ ತಾವೇ ಬಾಗಿಲು ತೆರೆದರು. ಬಿಪಿ ನೋಡಿದ ಯಜಮಾನರು, ನಿನ್ನದಕ್ಕಿಂತ ಚೆನ್ನಾಗಿದೆ ಎಂದರು. ನಾನು ಅಳುತ್ತಾ ಕಾಲಿಗೆ ಬಿದ್ದೆ.

"ಏಳು ಏಳು. ಊರಲ್ಲಿ ನಮ್ಮನೆ ಎದುರೇ ಕಳ್ಳಿನಂಗಡಿ ಇತ್ತು. ಲೋಟ ಹತ್ತಿರ ತರುವಾಗಲೇ ಮೂಗಿಗೆ ಗೊತ್ತಾಯ್ತು."

"ಮತ್ತೆ ಯಾಕೆ ಕುಡಿದ್ರಿ ವಾರಿಜಕ್ಕ?"

"ಕುಡಿಯದೆ ಇಟ್ಟಿದ್ರೆ ಎಲ್ಲರೂ ಯಾಕೆ ಅಂತ ಕೇಳ್ತಿದ್ರು. ಆಮೇಲೆ ಮೆಲಾಕಾದಲ್ಲಿ ನಿನ್ನ ಮನೆಗೆ ಯಾರು ಭಜನೆಗೆ ಬರ್ತಿದ್ರು? ನನ್ನ ಒಂದು ಏಕಾದಶಿ ಹೋಯ್ತು, ಹೋಗಲಿ. ಕೃಷ್ಣನಿಗೆ ನಾನು ಹೇಳ್ತೇನೆ."

ಎರಡನೇ ಬಾಟಲಿ ಏನಾಯಿತೆಂದು ನಾನು ಕೇಳಲಿಲ್ಲ.

ಮೂಗನ್ನು ದೇವರು ನನಗೂ ಕೊಟ್ಟಿದ್ದಾನೆ. ಅದು ಮೂಗುತಿ ಹಾಕಿಕೊಳ್ಳಲು ಮಾತ್ರ ಎಂದು ಅಂದು ತಿಳಿಯಿತು.