ಬೆಳೆಯದ ಹುಲ್ಲು, ಹರಿಯದ ನೀರು

ಮನೆಯ ಮುಂದೆ ಕೆಟ್ಟ ಸ್ಕೂಟರನ್ನು ಹತ್ತು ವರ್ಷ ನಿಲ್ಲಿಸಿಕೊಂಡರೂ ಯಾರೂ ಯಾಕೆಂದು ಕೇಳುವುದಿಲ್ಲ. ಒಡೆದ ತೊಟ್ಟಿ, ಮಿಕ್ಕ ಟೈಲ್ಸು, ಗೆದ್ದಲು ಹಿಡಿದ ಬಾಗಿಲು, ಏನನ್ನು ಒಟ್ಟಿಕೊಂಡರೂ ಊರು ಕ್ಷಮಿಸುತ್ತದೆ. ಅದೇ ಅಂಗಳಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿಸಿ ನೋಡಿ. ಹಾಲಿನವನಿಂದ ಹಿಡಿದು ಹೆಡ್‌ಮಾಸ್ತರರವರೆಗೆ ಎಲ್ಲರಿಗೂ ಉತ್ತರ ಕೊಡಬೇಕಾಗುತ್ತದೆ. ನಾನು ಹಾಸಿಸಿದ್ದೇನೆ. ಹೊಸಪೇಟೆಯ ನಮ್ಮ ಓಣಿಯ ಮೊದಲ ಪ್ಲಾಸ್ಟಿಕ್ ಹುಲ್ಲು ನನ್ನದೇ. ಅದನ್ನು ತೆಗೆಸುವುದಿಲ್ಲವೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ನನ್ನ ಮನಸ್ಸು ಬದಲಾದೀತೆಂಬ ಆಸೆ ಇದ್ದವರು ಈಗಲೇ ಓದುವುದನ್ನು ನಿಲ್ಲಿಸಬಹುದು.

ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಕಾರಣ ಕೊಟ್ಟೆ. ನೀರು ಉಳಿಯುತ್ತದೆ ಎಂದೆ. ನಮ್ಮ ಯಜಮಾನರು ಯಶವಂತನಗರದ ಗಣಿ ಕಚೇರಿಯಿಂದ ದಿನಾ ಬೂಟಿನಲ್ಲಿ ಸಂಡೂರಿನ ಗುಡ್ಡವನ್ನು ಚೂರು ಚೂರೇ ಮನೆಗೆ ಸಾಗಿಸುತ್ತಾರೆ, ಆ ಕೆಂಪು ಧೂಳನ್ನು ಬಾಗಿಲಲ್ಲೇ ಒರೆಸಿಕೊಳ್ಳಲಿ ಎಂದೆ. ನಿಜವಾದ ಕಾರಣವನ್ನು ಯಾರಿಗೂ ಹೇಳಲಿಲ್ಲ. ನಾನು ಹುಟ್ಟಿದ್ದು ಕಂಪ್ಲಿ ಕಡೆಯ ಮೆಟ್ರಿಯಲ್ಲಿ, ಭತ್ತ ಬೆಳೆಯುವ ಮನೆಯಲ್ಲಿ. ಶಾಲೆಗೆ ರಜೆ ಎಂದರೆ ನನಗೂ ಅಣ್ಣನಿಗೂ ಗದ್ದೆಯಲ್ಲಿ ಕಳೆ ಕೀಳುವ ಕೆಲಸ. ಕೆಸರಲ್ಲಿ ಬಗ್ಗಿ ಈ ತುದಿಯಿಂದ ಆ ತುದಿಗೆ ಹೋಗಿ ಸೊಂಟ ನೆಟ್ಟಗೆ ಮಾಡಿ ತಿರುಗಿದರೆ, ಕಿತ್ತಲ್ಲಿ ಮತ್ತೆ ತಲೆ ಎತ್ತಿರುತ್ತಿತ್ತು. ಓದಿ ಲೆಕ್ಕದ ಟೀಚರ್ ಆಗಿದ್ದಕ್ಕೆ ಆ ಕಳೆಯೇ ದೊಡ್ಡ ಪ್ರೇರಣೆ. ಮನೆ ಕಟ್ಟಿಸಿದ ಮೇಲೆ ಮುಂದಿನ ಜಾಗಕ್ಕೆ ಮೊದಲು ನಿಜವಾದ ಹುಲ್ಲನ್ನೇ ಹಾಕಿಸಿದೆ. ನಮ್ಮೂರಿನ ಬಿಸಿಲಿಗೆ ಹುಲ್ಲು ಸುಟ್ಟುಹೋಯಿತು, ನಡುವೆ ಎದ್ದ ಕಳೆ ಮಾತ್ರ ಸೊಂಪಾಗಿ ಬೆಳೆಯಿತು. ಒಂದು ಭಾನುವಾರ ನೋಡುತ್ತೇನೆ, ಐವತ್ತೈದನೇ ವಯಸ್ಸಿನಲ್ಲಿ ಸೆರಗು ಸಿಕ್ಕಿಸಿಕೊಂಡು, ಬಗ್ಗಿ ಕಳೆ ಕೀಳುತ್ತಿದ್ದೇನೆ! ಸಾಕು ಅನ್ನಿಸಿತು. ಆ ವಾರವೇ ಅಂಗಳಕ್ಕೆ ಕಾಂಕ್ರೀಟು ಬಿತ್ತು, ಮುಂದಿನ ವಾರ ಅದರ ಮೇಲೆ ಎಂದೂ ಬೆಳೆಯದ ಹುಲ್ಲು ಬಂತು.

ಹಾಸಲು ಬಂದಾತ ತುಂಡೊಂದನ್ನು ಮಗುಚಿ ತಳದ ಸಣ್ಣ ತೂತುಗಳನ್ನು ತೋರಿಸಿದ. "ಎಷ್ಟು ಮಳಿ ಬಂದ್ರೂ ಚಿಂತಿ ಮಾಡಬ್ಯಾಡ್ರಿ ಮೇಡಂ, ನೀರು ತಾನ ಹೋಗ್ತೈತಿ." ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಲಿಲ್ಲ. ಮೊದಲ ದೊಡ್ಡ ಮಳೆಗೆ ಉತ್ತರ ಸಿಕ್ಕಿತು. ನೀರು ಹುಲ್ಲಿನ ತೂತಿನಿಂದ ಇಳಿದು, ಕಾಂಕ್ರೀಟಿನ ಮೇಲೆ ನಿಂತು, ಹಾಸನ್ನೇ ಗಾದಿಯಂತೆ ಮೇಲಕ್ಕೆತ್ತಿತು. ಆಮೇಲೆ ಹೊಸ್ತಿಲು ದಾಟಿ ಹಾಲ್‌ಗೆ ಬಂದು ಸೋಫಾದ ಕಾಲು ಮುಟ್ಟಿತು. ಅಂಗಳ ವಾಲಿದ್ದದ್ದು ರಸ್ತೆಯ ಕಡೆಗಲ್ಲ, ನಮ್ಮ ಮನೆಯ ಕಡೆಗೆ. ಹತ್ತನೇ ತರಗತಿಗೆ ಇಳಿಜಾರಿನ ಕೋನ ಕಲಿಸುವ ನಾನು, ದಿನಾ ಅದನ್ನು ತುಳಿದುಕೊಂಡೇ ಕಲಿಸಲು ಹೋಗುತ್ತಿದ್ದೆ.

ಮಳೆ ನಿಂತದ್ದೇ ಪಕ್ಕದ ಮನೆಯ ಗೌರಕ್ಕ ಗೇಟಿನ ಹತ್ತಿರ ಬಂದರು. ಅವರ ಅಂಗಳದಲ್ಲಿ ಮಲ್ಲಿಗೆ, ಕನಕಾಂಬರ ಎಲ್ಲ ನಿಜವಾದವು. "ನಾ ಆವತ್ತ ಹೇಳಿದ್ನಿಲ್ರಿ ಟೀಚರ್? ಭೂಮಿತಾಯಿಗೆ ಪ್ಲಾಸ್ಟಿಕ್ ಉಡಿಸಬ್ಯಾಡ್ರಿ ಅಂತ. ಕಿತ್ತು ಒಗೀರಿ." ಒಳಗೆ ಬಕೆಟ್ಟಿಗೆ ನೀರು ಹಿಂಡುತ್ತಿದ್ದ ಯಜಮಾನರು, "ಅವರು ಹೇಳೋದೂ ಖರೇನ ಐತಿ," ಎಂದರು. ನನಗೆ ರೇಗಿತು. "ಸೋರಿದ್ರ ಮನಿ ಬಿಟ್ಟು ಹೋಗ್ತೀವೇನು? ಸರಿ ಮಾಡಿಸ್ತೀವಿ. ಹುಲ್ಲು ಮಾತ್ರ ಒಂದು ಎಸಳೂ ಕೀಳಂಗಿಲ್ಲ," ಎಂದು ಓಣಿಗೆಲ್ಲ ಕೇಳುವಂತೆ ಹೇಳಿದೆ. ಹೇಳಿದ್ದೇನೋ ಹೇಳಿದೆ, ಸರಿ ಮಾಡುವುದು ಹೇಗೆಂದು ಗೊತ್ತಿರಲಿಲ್ಲ. ಇನ್ನೆರಡು ಮಳೆಯನ್ನು ಹಳೆಯ ಸೀರೆ ಸುತ್ತಿ ಹೊಸ್ತಿಲಿಗೆ ಅಡ್ಡ ಇಟ್ಟೇ ಎದುರಿಸಿದೆ. ಹಾಸಿನ ಮೇಲೆ ಕಾಲಿಟ್ಟರೆ ಪಚಕ್ ಪಚಕ್ ಎನ್ನುತ್ತಿತ್ತು. ಗೌರಕ್ಕನ ಮುಂದೆ ನಾನು ಅದರ ಮೇಲೆ ಬೇಕೆಂದೇ ಹೆಚ್ಚು ಓಡಾಡಿದೆ.

ಆಗ ಅಣ್ಣ ಮೆಟ್ರಿಯಿಂದ ಬಂದ. ಈಗಲೂ ಗದ್ದೆಯನ್ನೇ ನಂಬಿರುವವನು. ಹುಲ್ಲನ್ನು ಕಂಡು ನಗುತ್ತಾನೆಂದು ನಾನು ಜಗಳಕ್ಕೆ ಸಿದ್ಧವಾಗಿದ್ದೆ. ಅವನು ನಗಲಿಲ್ಲ. ಹಾಸಿನ ಅಂಚು ಎತ್ತಿ, ಒಂದು ತಂಬಿಗೆ ನೀರು ಚೆಲ್ಲಿ, ಕುಕ್ಕರಗಾಲಲ್ಲಿ ಕೂತು ಅದು ಹರಿಯುವುದನ್ನೇ ನೋಡಿದ.

"ಹುಲ್ಲಿಗೆ ತೂತು ಅದಾವ ಖರೆ, ಕೆಳಗ ಕಾಂಕ್ರೀಟಿಗೆಲ್ಲಿ ಅದಾವವ್ವ? ನೀರಿಗೆ ಹೋಗಾಕ ದಾರೀನ ಇಟ್ಟಿಲ್ಲ. ನೀ ಶಾಲ್ಯಾಗ ಏನು ಕಲಸ್ತೀ?"

"ಲೆಕ್ಕ."

"ಹ್ಞಾಂ," ಎಂದ. ಅಷ್ಟೇ.

ಮೂರು ದಿನ ಇದ್ದ. ಗಾರೆಯವನನ್ನು ಕರೆಸಿ, ರಸ್ತೆಯ ಕಡೆಗೆ ವಾಲುವಂತೆ ಕಾಂಕ್ರೀಟಿನ ಮೇಲೆ ಹೊಸ ಗಾರೆ ಎಳೆಸಿದ. ಗೇಟಿನ ಗೋಡೆಗುಂಟ ಕಾಲುವೆ ಒಡೆಸಿ, ಅದಕ್ಕೆ ಜಲ್ಲಿ ತುಂಬಿಸಿ, ಚರಂಡಿಗೆ ಪೈಪು ಕೊಟ್ಟ. ಕಾಲುವೆಯಷ್ಟು ಅಗಲಕ್ಕೆ ಹಾಸನ್ನು ಕತ್ತರಿಸಿ ಮಿಕ್ಕಿದ್ದನ್ನು ಮತ್ತೆ ಹಾಸಿದೆವು. ನಾಲ್ಕನೇ ದಿನ ಅವನು ಹೊರಡುವ ಹೊತ್ತಿಗೆ ಮಳೆ ಬಂತು. ಮೂವರೂ ಬಾಗಿಲಲ್ಲಿ ನಿಂತು ನೋಡಿದೆವು. ಪೈಪಿನಿಂದ ನೀರು ಸದ್ದು ಮಾಡುತ್ತಾ ಚರಂಡಿಗೆ ಬೀಳತೊಡಗಿದಾಗ ನಾನು ಕೊಡೆಯನ್ನೂ ಹಿಡಿಯದೆ ಹೊರಗೆ ಹೋಗಿ, ಗೌರಕ್ಕನನ್ನು ಕೂಗಿ ಕರೆದು ತೋರಿಸಿದೆ. ಅವರು ಕಿಟಕಿಯಿಂದಲೇ, "ನೀರು ಹೋತು, ಪ್ಲಾಸ್ಟಿಕ್ ಉಳೀತಲ್ರಿ," ಎಂದರು. ಉಳಿಯಲೆಂದೇ ಇಷ್ಟೆಲ್ಲ ಮಾಡಿದ್ದು ಎಂದೆ.

ಮಳೆ ಬಿಟ್ಟಿತು. ಅಣ್ಣ ಕಾಲುವೆಗೆಂದು ಕತ್ತರಿಸಿ ತೆಗೆದಿದ್ದ ತುಂಡನ್ನು ಕೈಯಲ್ಲಿ ಹಿಡಿದು, "ಇದು ನಿನಗ ಬೇಕೇನು? ಬ್ಯಾಡಂದ್ರ ನಮ್ಮ ಕಟ್ಟಿ ಮ್ಯಾಲ ಹಾಸ್ಕೊಂತೀನಿ," ಎಂದ.

"ನಿನಗ್ಯಾಕಣ್ಣ ಇದು? ಸುತ್ತ ಹಸರು ಗದ್ದಿ ಇಟ್ಕೊಂಡು ಪ್ಲಾಸ್ಟಿಕ್ ಮ್ಯಾಲ ಕುಂತ್ರ ಮಂದಿ ನಗಂಗಿಲ್ಲೇನು?" ನನ್ನ ಬಾಯಿಂದಲೇ ಬಂತು. ಹಿಂದೆ ಯಜಮಾನರು ಜೋರಾಗಿ ಕೆಮ್ಮಿದರು.

"ನಗಲಿ ಬಿಡು," ಅಣ್ಣ ತುಂಡನ್ನು ಸುತ್ತತೊಡಗಿದ. "ನೋಡಿದ ಕೂಡ್ಲೇ ಕೀಳಬೇಕು ಅನ್ಸದಂಥ ಹುಲ್ಲಿನ ಮ್ಯಾಲ ಒಂದಿನ ಕುಂದ್ರಬೇಕಂತ ನನಗೂ ಆಸಿ ಐತವ್ವ."

ಒಳಗಿನಿಂದ ಹಗ್ಗ ತಂದು ಅವನ ಬೈಕಿನ ಹಿಂದೆ ಅದನ್ನು ಬಿಗಿಯಾಗಿ ಕಟ್ಟಿದೆ. ಅವನು ಬೈಕು ಒದ್ದು ಚಾಲೂ ಮಾಡಿದಾಗ ಮಾತ್ರ ಸುಮ್ಮನಿರಲಾಗಲಿಲ್ಲ, ಮೂವತ್ತು ವರ್ಷದ ಟೀಚರಿಕೆ.

"ಅಣ್ಣಾ, ಹಾಸೂಕಿಂತ ಮೊದಲು ಕಟ್ಟಿ ಯಾವ ಕಡೆ ವಾಲೇತಿ ಅಂತ ಸರಿಯಾಗಿ ನೋಡ್ಕೋ," ಎಂದೆ.