ಬಾಳೆಹಣ್ಣು ನಪಾಸಾದದ್ದು

ಪರೀಕ್ಷೆ ಹತ್ತಿರ ಬಂತೆಂದರೆ ಎಲ್ಲರೂ ಗಂಭೀರವಾಗುತ್ತಾರೆ ಅನ್ನುತ್ತಾರಲ್ಲ, ನಮ್ಮ ಶಾಲೆಯ ಮಟ್ಟಿಗೆ ಅದು ಶುದ್ಧ ಸುಳ್ಳು. ಬಿದ್ದು ಬಿದ್ದು ನಗುವಂಥದ್ದು ನಮ್ಮಲ್ಲಿ ನಡೆಯುವುದೇ ಆಗ.

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ನನ್ನ ಮನೆ. ದಿನಾ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ಇಲಾಖೆಯ ಕಲಿಕಾ ಮಟ್ಟದ ಪರೀಕ್ಷೆಯಲ್ಲಿ ಹೋದ ವರ್ಷ ನಮ್ಮ ಶಾಲೆ ತೀರಾ ಹಿಂದೆ ಬಿದ್ದಿತ್ತು. "ಈ ಸಲಾನೂ ಹಿಂಗೇ ಆದ್ರ ನೋಟಿಸ್ ಬರ್ತದ ನೋಡ್ರಿ" ಎಂದು ಮೇಲಿನವರು ನಮ್ಮ ಹೆಡ್ ಮೇಡಂಗೆ ಹೇಳಿ ಕಳಿಸಿದ್ದರು. ಮೇಡಂ ನಿವೃತ್ತಿಯ ಅಂಚಿನಲ್ಲಿದ್ದರು. ಶಾಲೆಗೆ ಬರದ ಮಕ್ಕಳನ್ನು ಮನೆಗೇ ಹೋಗಿ ಕೈಹಿಡಿದು ಕರೆತಂದವರು. ಅಂಥವರಿಗೆ ಕಡೆಗೆ ಸಿಗುವುದು ನೋಟಿಸೇ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು.

ನಾಲ್ಕು ಸುತ್ತು

ಉತ್ತರಗಳನ್ನು ಯಂತ್ರ ನೋಡುತ್ತದಂತೆ. ಪ್ರತಿ ಪ್ರಶ್ನೆಗೆ ನಾಲ್ಕು ಪುಟ್ಟ ಸುತ್ತು; ಸರಿಯುತ್ತರದ ಸುತ್ತನ್ನು ಮಾತ್ರ ಪೆನ್ನಿನಿಂದ ತುಂಬಬೇಕು. ಅಭ್ಯಾಸಕ್ಕೆಂದು ಹಾಳೆ ಕೊಟ್ಟೆ. ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ನಾಲ್ಕನ್ನೂ ತುಂಬಿ ಕೂತಿದ್ದಳು, ಒಂದಿಷ್ಟೂ ಗೆರೆ ದಾಟದಂತೆ.

"ಒಂದು ತುಂಬು ಅಂದ್ರ ನಾಕೂ ಯಾಕ ತುಂಬಿದಿ ಅವ್ವಾ?"

"ಉಳಿದವು ಖಾಲಿ ಬಿಟ್ರ ಚಂದ ಕಾಣಂಗಿಲ್ರೀ ಟೀಚರ."

ಓಟದ ಓದು

ಮತ್ತೊಂದು ದಿನ ಓದಿನ ಪರೀಕ್ಷೆ. ಹೊರಗಿನಿಂದ ಬಂದ ಯುವಕನೊಬ್ಬ ಮೊಬೈಲ್‌ನಲ್ಲಿ ಸಮಯ ಹಿಡಿದು, ಒಂದು ನಿಮಿಷಕ್ಕೆ ಮಗು ಎಷ್ಟು ಪದ ಓದುತ್ತದೆ ಎಂದು ಎಣಿಸುತ್ತಿದ್ದ. ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ನರಿಯ ಕಥೆ. ನಮ್ಮ ಎರಡು ಜಡೆಯವಳು ಬಾಲ ಸಿಕ್ಕಿದ ಸಾಲಿಗೆ ಬಂದು ನಗತೊಡಗಿದಳು. ನಕ್ಕು ಮುಗಿಸುವಷ್ಟರಲ್ಲಿ ನಿಮಿಷವೂ ಮುಗಿಯಿತು. 'ನಿಧಾನ ಕಲಿಕೆ' ಎಂದು ಆತ ಬರೆದುಕೊಂಡ. ಅವಳ ಪಕ್ಕದ ಹುಡುಗ ಒಂದೇ ಉಸಿರಿಗೆ ಇಡೀ ಪುಟ ಓದಿ ಪೂರ್ತಿ ಅಂಕ ಹೊಡೆದ.

ನಾನು ಖುಷಿಯಿಂದ ಕೇಳಿದೆ, "ಭೇಷ್! ನರೀಗಿ ಏನಾತೋ?"

"ಗೊತ್ತಿಲ್ರಿ ಟೀಚರ. ನಾ ಓದಾಕತ್ತಿದ್ದೆ, ಕೇಳಿಸ್ಕೊಳ್ಳಾಕ ಆಗಲಿಲ್ರಿ."

ಸಾಮೂಹಿಕ ನಕಲು

ಪರೀಕ್ಷೆ ಮುಗಿಯಿತು. ಸ್ವಲ್ಪ ದಿನಕ್ಕೆ ಕಲಬುರಗಿಯಿಂದ ಜೀಪು ಬಂತು. ಇಳಿದವರು ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಅಧಿಕಾರಿ. "ನಿಮ್ಮ ಐದನೇ ತರಗತೀಲಿ ಎಲ್ಲಾ ಮಕ್ಕಳೂ ಒಂದು ಪ್ರಶ್ನೆಗೆ ಒಂದೇ ತಪ್ಪು ಉತ್ತರ ಕೊಟ್ಟಿದ್ದಾರೆ. ಇದು ಸಾಮೂಹಿಕ ನಕಲು, ಮೇಡಂ" ಎಂದರು. ನಮ್ಮ ಮೇಡಂ ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

ಪ್ರಶ್ನೆ ಇಷ್ಟೇ: ಮಾಗಿದ ಬಾಳೆಹಣ್ಣಿನ ಬಣ್ಣ ಯಾವುದು? ಹಸಿರು, ಹಳದಿ, ಕೆಂಪು, ನೀಲಿ. ನಮ್ಮ ಮಕ್ಕಳೆಲ್ಲ ಕೆಂಪಿನ ಸುತ್ತು ತುಂಬಿದ್ದರು.

ಸಾಹೇಬರು ಒಬ್ಬೊಬ್ಬರನ್ನೇ ಪಡಸಾಲೆಗೆ ಕರೆದು ಕೇಳಿದರು. ಎಲ್ಲರದೂ ಒಂದೇ ಮಾತು, "ಕೆಂಪು ರೀ." ಕೊನೆಗೆ ಎರಡು ಜಡೆಯವಳ ಸರದಿ.

"ನಿಜ ಹೇಳಮ್ಮಾ, ಯಾರು ಹೇಳಿಕೊಟ್ಟಿದ್ದು?"

"ಯಾರ್ ಹೇಳಬೇಕ್ರಿ ಸರ? ನಮ್ಮ ತೋಟದಾಗೇ ಅದಾವಲ್ರಿ!"

ಮೇಡಂಗೆ ಆಗ ಹೋದ ಜೀವ ಬಂತು. ಬಿಸಿಯೂಟದ ಅಡುಗೆಯಾಕೆಯನ್ನು ಅಂಗಡಿಗೆ ಓಡಿಸಿ ಕಮಲಾಪುರದ ಕೆಂಪು ಬಾಳೆಯ ಚಿಪ್ಪು ತರಿಸಿದರು. ಸಾಹೇಬರು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿ, ಸುಲಿದು ಒಂದು ತಿಂದರು. ಕೇಳದೇ ಇನ್ನೊಂದು ತಗೊಂಡರು.

"ಮಕ್ಕಳ ಉತ್ತರ ನಿಜ ಕಣ್ರೀ ಮೇಡಂ. ನಕಲಲ್ಲ ಅಂತ ನಾನೇ ಬರೀತೀನಿ, ನೋಟಿಸಿನ ಚಿಂತೆ ಬಿಡಿ. ಆದರೆ ಅಂಕ ಮಾತ್ರ ಕೊಡೋಕಾಗಲ್ಲ. ಇಲಾಖೆಯ ಉತ್ತರಪಟ್ಟೀಲಿ ಹಳದಿ ಅಂತಿದೆ."

ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು, ಉಳಿದ ಹಣ್ಣನ್ನೆಲ್ಲ ಸಾಹೇಬರ ಮನೆಗೆಂದು ಕಟ್ಟಿಕೊಟ್ಟರು. ನನಗೆ ಮೇಡಂ ಅವರನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಗಿತ್ತು. ಸಾಹೇಬರು ಜೀಪು ಹತ್ತಿ ಕೂತು, ದಾರಿಗಿರಲಿ ಎಂದು ಮತ್ತೊಂದು ಹಣ್ಣು ಮುರಿದರು. ಎರಡು ಜಡೆಯವಳು ಓಡಿಹೋಗಿ ಜೀಪಿನ ಬಾಗಿಲು ಹಿಡಿದಳು.

"ಸರ, ಈಗೇ ತಿನ್ನಬ್ಯಾಡ್ರಿ!"

"ಯಾಕಮ್ಮಾ?"

"ಇನ್ನಾ ಹಣ್ಣಾಗಿಲ್ರಿ. ಹಳದಿ ಆಗೋತನಕ ಕಾಯ್ರಿ."